ಶರ್ಯತ್ತು ಮತ್ತು ಶರತ್ತು

ಅರ್ಜಿಯ ಕೊನೆಯ ಸಾಲನ್ನು ನಾನು ಓದಿರಲಿಲ್ಲ. ಹೆಸರು, ವಯಸ್ಸು, ರಕ್ತದ ಗುಂಪು ಬರೆದು ಸಹಿ ಹಾಕಿ ಕೊಟ್ಟಿದ್ದೆ. ಸಹಿಯ ಮೇಲೆ ಸಣ್ಣ ಅಕ್ಷರದಲ್ಲಿದ್ದ ಶರತ್ತು ಇಷ್ಟೇ: ಇದು ಹವ್ಯಾಸಿಗಳ ಸ್ಪರ್ಧೆ, ಹಿಂದೆ ಎಲ್ಲಿಯಾದರೂ ನಗದು ಬಹುಮಾನ ಪಡೆದವರಿಗೆ ಪ್ರವೇಶವಿಲ್ಲ.

ಜನವರಿಯ ಒಂದು ಭಾನುವಾರ. ದಾಂಡೇಲಿಯಿಂದ ಗಣೇಶಗುಡಿ, ಅಲ್ಲಿಂದ ಸೂಪಾ ಅಣೆಕಟ್ಟಿನ ಪಕ್ಕ ಏರಿ ಜೋಯಿಡಾ. ನಮ್ಮ ಮನೆ ದಾಂಡೇಲಿಯ ಮಗ್ಗುಲಲ್ಲೇ ಇರುವ ಕೋಗಿಲಬನದಲ್ಲಿ. ಈ ರಸ್ತೆಯ ಏರು, ತಿರುವು, ಬೆಳಗಿನ ಮಂಜು ಎಲ್ಲ ಗೊತ್ತು ಎಂಬ ಧೈರ್ಯದಲ್ಲಿ ಹೆಸರು ಕೊಟ್ಟಿದ್ದೆ. ಫೆಲೋಶಿಪ್ಪಿನ ಬಾಕಿ ಒಟ್ಟಿಗೆ ಬಂದಾಗ ಕೊಂಡ ಸೆಕೆಂಡ್‌ಹ್ಯಾಂಡ್ ಗೇರ್ ಸೈಕಲ್ ಬೇರೆ ಇತ್ತು.

ನಂಬರು ಹಂಚುವ ಟೇಬಲ್ಲಿನ ಎದುರು ನನ್ನ ಮುಂದೆ ಹತ್ತೊಂಬತ್ತರ ಆಸುಪಾಸಿನ ಹುಡುಗನೊಬ್ಬ ನಿಂತಿದ್ದ. ಜಮಖಂಡಿ ಕಡೆಯವನು, ಹಳಿಯಾಳದ ಹತ್ತಿರ ಕಬ್ಬು ಕಡಿಯಲು ಬಂದ ಗ್ಯಾಂಗಿನ ಜೊತೆ ಇದ್ದ. ಕಬ್ಬಿಣದ ಹಳೆಯ ರೇಸ್ ಸೈಕಲ್, ಹ್ಯಾಂಡಲ್ಲಿಗೆ ಸುತ್ತಿದ ಬಟ್ಟೆ. ಮೊದಲು ಎಲ್ಲಾದರೂ ಆಡಿದ್ದೀಯಾ ಎಂದು ಕೇಳಿದಾಗ ಅವನು ಉತ್ಸಾಹದಿಂದಲೇ ಹೇಳಿದ:

“ಹೌದ್ರೀ. ನಮ್ಮ ಕಡಿ ಜಾತ್ರ್ಯಾಗ ಎರಡ ಸಲ ಫಸ್ಟ್ ಬಂದೇನ್ರಿ. ಐದ ಸಾವಿರ ರೂಪಾಯಿ, ಮ್ಯಾಲ ಒಂದ ಢಾಲು.”

ಅದು ತನ್ನ ಅರ್ಹತೆ ಎಂದುಕೊಂಡಿದ್ದ. ಅದೇ ಅವನ ಅನರ್ಹತೆಯಾಯಿತು. “ಹಂಗಾದ್ರ ನೀ ಪ್ರೊಫೆಷನಲ್ ಆತಪಾ, ಇದು ಹವ್ಯಾಸಿಗಳಿಗೆ,” ಎಂದರು ಟೇಬಲ್ಲಿನವರು. ಬೈದು ಹೇಳಲಿಲ್ಲ, ಬೇಸರದಲ್ಲೇ ಹೇಳಿದರು. ಅವನಿಗೆ ಆ ಮಾತು ಅರ್ಥವಾದಂತೆ ಕಾಣಲಿಲ್ಲ. ಅರ್ಥವಾದದ್ದು ನನಗೆ, ಏಕೆಂದರೆ ನಾನು ಓದುತ್ತಿರುವುದೇ ಅದನ್ನು. ದುಡಿಯುವವರ ಬಿಡುವಿನ ಚರಿತ್ರೆ ನನ್ನ ಪಿಎಚ್.ಡಿ. ವಿಷಯ.

‘ಅಮೆಚೂರ್’ ಎಂಬ ಪದದ ಮೂಲದಲ್ಲಿರುವುದು ಪ್ರೀತಿ, ಪ್ರೀತಿಗಾಗಿ ಆಡುವವನು ಎಂದು. ಆದರೆ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಅದಕ್ಕೆ ಬೇಲಿ ಬಿತ್ತು. ದೋಣಿ ಸ್ಪರ್ಧೆಗೆ ಹೆಸರಾದ ಹೆನ್ಲಿಯವರು 1879ರಲ್ಲಿ ಮಾಡಿದ ನಿಯಮದಲ್ಲಿ ಹಣಕ್ಕಾಗಿ ಆಡಿದವನ ಜೊತೆಗೆ ಮೆಕ್ಯಾನಿಕ್, ಕುಶಲಕರ್ಮಿ, ಕೂಲಿಯವನೂ ಹವ್ಯಾಸಿಯಲ್ಲ ಎಂದಾಯಿತು. ಅವನು ದುಡ್ಡು ಮುಟ್ಟಿದ್ದಾನೋ ಇಲ್ಲವೋ ಎಂಬುದು ಮುಖ್ಯವಲ್ಲ, ಕೈಯಿಂದ ದುಡಿಯುತ್ತಾನೆ ಎಂಬುದೇ ಸಾಕು. ಅಮೆರಿಕದ ಸೈಕಲ್ ಸವಾರರ ಸಂಘ 1894ರಲ್ಲಿ ಕರಿಯರಿಗೆ ಸದಸ್ಯತ್ವವನ್ನೇ ನಿಷೇಧಿಸಿತು. ಐದು ವರ್ಷ ಕಳೆದು, 1899ರಲ್ಲಿ, ಮಾಂಟ್ರಿಯಲ್‌ನಲ್ಲಿ ಮೇಜರ್ ಟೇಲರ್ ಎಂಬ ಕರಿಯ ಸವಾರ ವಿಶ್ವ ಚಾಂಪಿಯನ್ ಆದ, ವೃತ್ತಿಪರನಾಗಿ. ಒಲಿಂಪಿಕ್ಸ್‌ನ ರಸ್ತೆ ಸ್ಪರ್ಧೆಗಂತೂ ವೃತ್ತಿಪರ ಸೈಕಲ್ ಸವಾರರು ಬಂದದ್ದು 1996ರ ಅಟ್ಲಾಂಟಾದಲ್ಲಿ.

ನಮ್ಮ ಕಡೆ ಈ ಬೇಲಿ ಇರಲಿಲ್ಲ, ಏಕೆಂದರೆ ಸೈಕಲ್ ಸ್ಪರ್ಧೆ ಕ್ಲಬ್ಬುಗಳಲ್ಲಿ ಹುಟ್ಟಲಿಲ್ಲ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಸೀಮೆಯ ಜಾತ್ರೆ ಉರುಸುಗಳಲ್ಲಿ ಜೋಡೆತ್ತಿನ ಗಾಡಿ ಓಡುವ ದಾರಿಯಲ್ಲೇ ಸೈಕಲ್ಲೂ ಓಡಿತು. ಅದಕ್ಕೆ ಹೆಸರು ಶರ್ಯತ್ತು. ಬಹುಮಾನ ಊರಿನವರದು, ಒಬ್ಬರು ದುಡ್ಡು, ಇನ್ನೊಬ್ಬರು ಢಾಲು, ಮತ್ತೊಬ್ಬರು ಗಡಿಯಾರ ಕೊಡುತ್ತಾರೆ. ರಾಜ್ಯದ ಸೈಕಲ್ ಪಟುಗಳಲ್ಲಿ ಈ ಸೀಮೆಯವರೇ ಹೆಚ್ಚು ಕಾಣುವುದಕ್ಕೆ ಕ್ರೀಡಾ ಹಾಸ್ಟೆಲುಗಳಷ್ಟೇ ಈ ಜಾತ್ರೆಗಳೂ ಕಾರಣ ಎಂದು ನನ್ನ ಅನಿಸಿಕೆ. (ಜಾತ್ರೆಯ ಜೊತೆ ನೆನಪಾಗುವ ಇನ್ನೊಂದು ಆಟ, ಊರ ಬಯಲಿನಲ್ಲಿ ದಿನಗಟ್ಟಲೆ ಇಳಿಯದೆ ಸೈಕಲ್ ತುಳಿಯುವವರದು. ಸ್ನಾನ, ಊಟ, ಹಾಡು ಎಲ್ಲ ಸೈಕಲ್ ಮೇಲೇ. ಅವರ ಬಗ್ಗೆ ಯಾರಾದರೂ ಒಂದು ಪ್ರಬಂಧ ಬರೆಯಬೇಕು.)

ಶರ್ಯತ್ತು ನಮಗೆ ಮರಾಠಿಯ ಶರ್ಯತ್‌ನಿಂದ ಬಂದದ್ದು. ಅದರ ಹಿಂದಿರುವುದು ಅರಬ್ಬಿಯ ಶರ್ತ್, ಅಂದರೆ ಕರಾರು, ಪಣ. ಅರ್ಜಿಯ ಕೆಳಗಿದ್ದ ‘ಶರತ್ತು’ ಕೂಡ ಅದರದೇ ಮಗು.

ಹುಡುಗ ವಾದಿಸಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ನನ್ನ ನಂಬರು ಇಸಿದುಕೊಂಡು ಬಂದೆ. ಹೊರಟು ಹತ್ತು ನಿಮಿಷವಾದ ಮೇಲೆ ತಿರುಗಿ ನೋಡಿದರೆ ಅವನು ನಂಬರಿಲ್ಲದೆ ಹಿಂದೆ ಬರುತ್ತಿದ್ದ. ರಸ್ತೆ ಸರ್ಕಾರದ್ದು, ತಡೆಯುವವರಾರು?

ಗಣೇಶಗುಡಿಯವರೆಗೆ ಗುಂಪು ಒಟ್ಟಿಗಿತ್ತು. ಸಮತಟ್ಟಿನಲ್ಲಿ ಮುಂದಿನವನ ಬೆನ್ನಿಗೆ ಅಂಟಿಕೊಂಡರೆ ಗಾಳಿ ಅವನಿಗೆ, ದಮ್ಮು ನಮಗೆ. ಏರಿನಲ್ಲಿ ಆ ಲೆಕ್ಕ ಮುರಿಯುತ್ತದೆ. ವೇಗ ಕಡಿಮೆಯಾದಂತೆ ಗಾಳಿಯ ಆಸರೆ ಇಲ್ಲವಾಗಿ, ಪ್ರತಿಯೊಬ್ಬನೂ ತನ್ನ ಮೈಭಾರವನ್ನು ತಾನೇ ಹೊರಬೇಕು. ಟೂರ್ ದ ಫ್ರಾನ್ಸ್ 1903ರಲ್ಲಿ ಶುರುವಾದರೂ ಎತ್ತರದ ಪಿರನೀಸ್ ಬೆಟ್ಟಗಳಿಗೆ ಅದನ್ನು ಒಯ್ದದ್ದು 1910ರಲ್ಲಿ. ಅದರ ಸಂಘಟಕ ಹೆನ್ರಿ ದೆಗ್ರಾಂಜ್‌ಗೆ ಗೇರ್ ಬದಲಿಸುವ ಯಂತ್ರ ಕಂಡರಾಗದು. 1937ರವರೆಗೂ ಸವಾರರು ಬೆಟ್ಟದ ಬುಡದಲ್ಲಿ ಇಳಿದು, ಹಿಂದಿನ ಗಾಲಿಯನ್ನು ಕಳಚಿ ತಿರುಗಿಸಿ ಹಾಕಿಕೊಳ್ಳುತ್ತಿದ್ದರು. ನಮ್ಮ ನೆರೆಯ ಮುಂಬೈ–ಪುಣೆ ಸ್ಪರ್ಧೆಯಲ್ಲಿ ಬೋರ್ ಘಾಟನ್ನು ಮೊದಲು ಹತ್ತಿದವನಿಗೆ ‘ಘಾಟಾಚಾ ರಾಜಾ’ ಎಂಬ ಬಿರುದೇ ಇದೆ. ಕೊನೆಗೆ ಯಾರೇ ಗೆಲ್ಲಲಿ, ಘಾಟಿನ ರಾಜ ಬೇರೆ.

ಅಣೆಕಟ್ಟು 101 ಮೀಟರ್ ಎತ್ತರ. ಅದರ ಹಿನ್ನೀರಿನಲ್ಲಿ ಹಳೆಯ ಸೂಪಾ ಊರು ಮುಳುಗಿದ್ದರಿಂದಲೇ ಜೋಯಿಡಾ ತಾಲೂಕು ಕೇಂದ್ರವಾದದ್ದು. ಇದನ್ನೆಲ್ಲ ಅಪ್ಪನಿಂದ ಹಲವು ಸಲ ಕೇಳಿದ್ದೆ, ಆದರೆ ಆ ಹೊತ್ತು ನನಗೆ ಕಾಣುತ್ತಿದ್ದದ್ದು ಮುಂದಿನ ಗಾಲಿಯಿಂದ ಒಂದು ಮೊಳ ದೂರದ ಡಾಂಬರು ಮಾತ್ರ. ನಾಲಿಗೆಯಲ್ಲಿ ಕಬ್ಬಿಣದ ರುಚಿ. ಎರಡನೆಯ ತಿರುವಿನಲ್ಲಿ ಚೈನಿನ ಕರಕರ ಸದ್ದು ಹತ್ತಿರವಾಯಿತು. ಅವನು ಸೀಟು ಬಿಟ್ಟು ಎದ್ದು, ಎಡಕ್ಕೂ ಬಲಕ್ಕೂ ಸೈಕಲ್ಲನ್ನು ತೂಗುತ್ತ ನನ್ನನ್ನು ದಾಟಿದ. ನನ್ನ ಮುಂದಿದ್ದ ಇಬ್ಬರನ್ನೂ ಅದೇ ಏರಿನಲ್ಲಿ ದಾಟಿದ್ದನ್ನು ಕಂಡೆ.

ಫಲಿತಾಂಶದ ಹಾಳೆಯಲ್ಲಿ ನಾನು ಮೂರನೆಯವನು. ಹಾಳೆಯ ಪ್ರಕಾರ ಆ ದಿನ ಆ ರಸ್ತೆಯಲ್ಲಿ ಅವನು ಇರಲೇ ಇಲ್ಲ. ನಾಳೆ ನನ್ನಂಥವನೊಬ್ಬ ಈ ಹಾಳೆಯನ್ನು ಆಕರವೆಂದು ಎತ್ತಿಕೊಂಡರೆ ಅವನ ಅಡಿಟಿಪ್ಪಣಿಯಲ್ಲಿ ಬರುವುದೂ ನನ್ನ ಹೆಸರೇ. ಮಿಲ್ಲಿನ ಕಾರ್ಮಿಕರ ಹಾಜರಿ ಪುಸ್ತಕಗಳಲ್ಲಿ ಯಾರ ಹೆಸರಿಲ್ಲ ಎಂದು ಹುಡುಕುತ್ತ ನಾಲ್ಕು ವರ್ಷ ಕಳೆದವನು ನಾನು. ಆದರೂ ಟೇಬಲ್ಲಿಗೆ ಹೋಗಿ ಹಾಳೆ ತಿದ್ದಿರಿ ಎನ್ನಲಿಲ್ಲ. ಕೊಟ್ಟ ಟ್ರೋಫಿಯನ್ನು, ಜೊತೆಗೆ ಅಂಗಡಿಯೊಂದರ ಎರಡು ಸಾವಿರದ ಕೂಪನ್ನನ್ನು, ತೆಗೆದುಕೊಂಡೆ. ಕೂಪನ್ ನಗದಲ್ಲವಲ್ಲ!

ಜೋಯಿಡಾದ ಚಹಾದಂಗಡಿಯ ಮುಂದೆ ಅವನು ಗೋಡೆಗೆ ಒರಗಿಸಿದ್ದ ನನ್ನ ಸೈಕಲ್ಲನ್ನು ಬಗ್ಗಿ ನೋಡುತ್ತಿದ್ದ.

“ಹಿಂದ ಎಷ್ಟ ಹಲ್ಲ ಐತ್ರೀ ಅಣ್ಣಾರ?”

“ಮೂವತ್ತೆರಡು.”

“ಅಬಬಾ! ನಂದು ಇಪ್ಪತ್ನಾಕ್ರೀ,” ಎಂದು ನಕ್ಕ. ಚಹಾದ ದುಡ್ಡು ನಾನು ಕೊಡಲು ಹೋದೆ. ಅಷ್ಟರಲ್ಲಿ ಅವನು ಇಬ್ಬರದನ್ನೂ ಕೊಟ್ಟಾಗಿತ್ತು.