ಸತುವಿನ ಬಿಳಿ ಹೊಗೆ

ಜಿ.ಐ. ಪೈಪು ಕಾಣದ ತೋಟ ಇಂದು ನಮ್ಮ ಸೀಮೆಯಲ್ಲಿ ಅಪರೂಪ. ಕೊಳವೆಬಾವಿಯಿಂದ ಮೇಲೆತ್ತಿದ ಹಳೆಯ ಪೈಪು ಕೊಟ್ಟಿಗೆಯ ಕಂಬವಾಗುತ್ತದೆ, ಬಳ್ಳಿಯ ಚಪ್ಪರವಾಗುತ್ತದೆ, ಗೇಟೂ ಆಗುತ್ತದೆ. ಹೆಸರನ್ನು ಬಿಡಿಸಿದರೆ 'ಗ್ಯಾಲ್ವನೈಸ್ಡ್ ಐರನ್'. ಈಗಿನದು ಉಕ್ಕು, ಆದರೂ ಜನ ಹಳೆಯ ಹೆಸರನ್ನು ಬಿಟ್ಟಿಲ್ಲ. ಆ ಮೊದಲ ಪದದೊಳಗೆ ಇಟಲಿಯ ವೈದ್ಯ ಗ್ಯಾಲ್ವನಿ ಅಡಗಿದ್ದಾನೆ. ಸತ್ತ ಕಪ್ಪೆಯ ಕಾಲು ಲೋಹ ಸೋಕಿದಾಗ ಅದುರುವುದನ್ನು ಕಂಡು 1791ರಲ್ಲಿ ಗ್ರಂಥ ಪ್ರಕಟಿಸಿದವನು ಆತ. ಪೈಪಿಗೂ ಅವನಿಗೂ ನೇರ ನಂಟಿಲ್ಲ. ಫ್ರಾನ್ಸಿನ ಸೊರೆಲ್ ಎಂಬಾತ ಕಬ್ಬಿಣವನ್ನು ಕರಗಿದ ಸತುವಿನಲ್ಲಿ ಅದ್ದಿ ತುಕ್ಕಿನಿಂದ ಕಾಯುವ ವಿಧಾನಕ್ಕೆ 1837ರಲ್ಲಿ ಪೇಟೆಂಟು ಪಡೆದ. ಎರಡು ಲೋಹಗಳ ನಡುವಣ ವಿದ್ಯುತ್ತಿನ ವ್ಯಾಪಾರವೇ ಈ ರಕ್ಷಣೆಯ ಗುಟ್ಟಾದ್ದರಿಂದ ಗ್ಯಾಲ್ವನಿಯ ಹೆಸರು ಅಂಟಿಕೊಂಡಿತು. ಸತು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ.

ಇಷ್ಟು ಉಪಕಾರಿಯಾದ ಸತುವಿಗೆ ಒಂದು ಚಂಚಲ ಸ್ವಭಾವವಿದೆ. ಸುಮಾರು 420 ಡಿಗ್ರಿ ಸೆಲ್ಸಿಯಸ್ಸಿಗೆ ಕರಗುವ ಅದು 907ಕ್ಕೆ ಕುದಿದು ಆವಿಯಾಗುತ್ತದೆ. ಉಕ್ಕು ಕರಗಲು 1500ರ ಸಮೀಪಕ್ಕೆ ಹೋಗಬೇಕು. ಎಂದರೆ, ಉಕ್ಕು ಕರಗುವ ಮೊದಲೇ ಸತು ಹಾರಿಹೋಗಿ, ಗಾಳಿ ಸೋಕಿದೊಡನೆ ಉರಿದು ಬಿಳಿಯ ಭಸ್ಮವಾಗುತ್ತದೆ. ವೆಲ್ಡಿಂಗ್ ಮಾಡುವಾಗ ಏಳುವ ಬೆಳ್ಳನೆಯ ಹೊಗೆ ಇದೇ.

ಪ್ರಾಚೀನರನ್ನು ಕಾಡಿದ್ದೂ ಈ ಸ್ವಭಾವವೇ. ಅದುರನ್ನು ತೆರೆದ ಕುಲುಮೆಗೆ ಹಾಕಿದರೆ ಲೋಹ ಕೈಗೆ ಸಿಗದು, ಆಕಾಶಕ್ಕೆ ಹೋಗುತ್ತದೆ. ಈ ತೊಡಕನ್ನು ದೊಡ್ಡ ಪ್ರಮಾಣದಲ್ಲಿ ಬಿಡಿಸಿದ ಕೀರ್ತಿ ರಾಜಸ್ಥಾನದ ಉದಯಪುರದ ಬಳಿಯ ಝಾವರ್ ಊರಿನದು. ಅಲ್ಲಿಯವರು ಅದುರನ್ನು ಮಣ್ಣಿನ ಮೂಸೆಯಲ್ಲಿ ತುಂಬಿ, ಬಾಯಿಗೆ ಕೊಳವೆಯಿಟ್ಟು, ಬಾಯಿ ಕೆಳಗಾಗುವಂತೆ ನಿಲ್ಲಿಸಿ, ಮೇಲೆ ಬೆಂಕಿ ಹಾಕುತ್ತಿದ್ದರು. ಆವಿ ಹಾರಿಹೋಗಲು ದಾರಿಯಿಲ್ಲದೆ ಕೆಳಗಿಳಿದು, ತಂಪಿನಲ್ಲಿ ಲೋಹವಾಗಿ ತೊಟ್ಟಿಕ್ಕುತ್ತಿತ್ತು. 'ರಸರತ್ನಸಮುಚ್ಚಯ'ವೆಂಬ ಸಂಸ್ಕೃತ ರಸಶಾಸ್ತ್ರಗ್ರಂಥ ಇಂಥ ಪಾತ್ರೆಯನ್ನು ವೃಂತಾಕಮೂಷೆ, ಎಂದರೆ ಬದನೆಕಾಯಿ ಮೂಸೆ, ಎಂದು ಕರೆಯುತ್ತದೆ. ನಮ್ಮ ರಸಶಾಸ್ತ್ರಿಗಳ ಉಪಮೆ ಅಡುಗೆಮನೆಯಿಂದ ಬಂದಿತೆಂಬುದು ನನಗೆ ಬಹಳ ಮೆಚ್ಚಿಗೆಯಾದ ಸಂಗತಿ. ಬಳಸಿ ಎಸೆದ ಮೂಸೆಗಳನ್ನೇ ಇಟ್ಟಿಗೆಯಂತೆ ಪೇರಿಸಿ ಝಾವರಿನವರು ಗೋಡೆ ಕಟ್ಟಿದ್ದಾರೆ. ಇಂಗ್ಲೆಂಡಿನ ವಿಲಿಯಂ ಚಾಂಪಿಯನ್ ಸತು ತೆಗೆಯುವ ಪೇಟೆಂಟು ಪಡೆದದ್ದು 1738ರಲ್ಲಿ, ಝಾವರಿನ ಎಷ್ಟೋ ತಲೆಮಾರುಗಳ ತರುವಾಯ. ನಮ್ಮ ಬೀದರಿನ ಬಿದರಿ ಪಾತ್ರೆಯೂ ಬಹುಪಾಲು ಸತುವೇ, ತಾಮ್ರ ಕೊಂಚ.

ಝಾವರಿನವರು ಆವಿಯನ್ನು ಮೂಸೆಯಲ್ಲಿ ಸೆರೆಹಿಡಿದರು. ಅದನ್ನು ಎದೆಯಲ್ಲಿ ಸೆರೆಹಿಡಿದವರ ಕಥೆ ಬೇರೆ. ತಾಮ್ರಕ್ಕೆ ಸತು ಬೆರೆಸಿ ಹಿತ್ತಾಳೆ ಎರಕ ಹೊಯ್ಯುವವರಿಗೆ ಸಂಜೆಯ ಹೊತ್ತಿಗೆ ಚಳಿ ಹತ್ತಿ ಜ್ವರ ಬರುವುದನ್ನು ಲೀಡ್ಸಿನ ವೈದ್ಯ ಥ್ಯಾಕ್ರಾ 1831ರಲ್ಲಿ ದಾಖಲಿಸಿದ. 1862ರಲ್ಲಿ ಗ್ರೀನ್‌ಹೌ ಅದನ್ನು ವಿವರವಾಗಿ ವರ್ಣಿಸಿ ಸತುವಿನ ಹೊಗೆಯತ್ತ ಬೆರಳು ತೋರಿಸಿದ. ವಾರವಿಡೀ ಹೊಗೆಗೆ ಒಗ್ಗಿದ ಮೈ ಭಾನುವಾರದ ಬಿಡುವಿನಲ್ಲಿ ಆ ಒಗ್ಗಿಕೆಯನ್ನು ಕಳೆದುಕೊಳ್ಳುತ್ತದೆ; ಆದ್ದರಿಂದ ಇದಕ್ಕೆ 'ಸೋಮವಾರದ ಜ್ವರ'ವೆಂಬ ಅಡ್ಡಹೆಸರೂ ಬಂತು.

ಈ ಚರಿತ್ರೆ ನನ್ನ ಮನೆಗೇ ಬಂತು. ಅಕ್ಕನ ಮಗ ಹೋದ ಬೇಸಿಗೆಯಲ್ಲಿ ಕರುಗಳ ದೊಡ್ಡಿಗೆಂದು ಹಳೆಯ ಜಿ.ಐ. ಪೈಪುಗಳನ್ನು ಪಂಪ್‌ಹೌಸಿನೊಳಗೆ, ಗಾಳಿಗೆ ಕಿಡಿ ಹಾರೀತೆಂದು ಬಾಗಿಲು ಮುಚ್ಚಿಕೊಂಡು, ವೆಲ್ಡ್ ಮಾಡಿದ. ಮಧ್ಯಾಹ್ನ ಬಾಯಲ್ಲಿ ಸಿಹಿಸಿಹಿ ರುಚಿ, ರಾತ್ರಿ ಮೂರು ಕಂಬಳಿ ಹೊದ್ದರೂ ನಿಲ್ಲದ ನಡುಕ. "ಮೊದಲೇ ಚೊಂಬು ತುಂಬ ಹಾಲು ಕುಡಿದಿದ್ದೆನಲ್ಲ, ಮಾವ!" ಎಂದು ಅವನ ಅಚ್ಚರಿ. ಹಾಲಿನ ನಂಬಿಕೆ ವೆಲ್ಡರುಗಳಲ್ಲಿ ದೇಶದೇಶಗಳಿಗೂ ಹಬ್ಬಿದೆ. ಆದರೆ ಹಾಲು ಇಳಿಯುವುದು ಹೊಟ್ಟೆಗೆ, ಹೊಗೆ ಇಳಿಯುವುದು ಶ್ವಾಸಕೋಶಕ್ಕೆ. ನಂಬಿಕೆಯ ಕೇಡೆಂದರೆ ಅದು ಧೈರ್ಯ ಕೊಡುತ್ತದೆ.

ಮಾಡಬೇಕಾದದ್ದು ಕಷ್ಟವೇನಲ್ಲ. ಥ್ರೆಡ್ಡು, ಸಾಕೆಟ್ಟು, ಕ್ಲ್ಯಾಂಪುಗಳಿಂದ ಕೂಡಿಸಲಾಗುವುದಾದರೆ ವೆಲ್ಡಿಂಗೇ ಬೇಡ. ಬೇಕೇ ಬೇಕೆಂದರೆ, ಬೆಸುಗೆಯ ಆಚೀಚೆ ಒಂದೆರಡು ಅಂಗುಲದಷ್ಟು ಸತುವನ್ನು ಗ್ರೈಂಡರಿನಿಂದ ಉಕ್ಕು ಹೊಳೆಯುವವರೆಗೆ ತೆಗೆಯಬೇಕು. ಆ ಧೂಳಿಗೂ ಕನ್ನಡಕ, ಮಾಸ್ಕು ಬೇಕು. ಪೈಪಿನ ಒಳಮೈಗೂ ಸತು ಬಳಿದಿರುತ್ತದೆಂಬುದನ್ನು ಮರೆಯುವವರೇ ಹೆಚ್ಚು. ಕೈಗೆಟುಕುವಷ್ಟು ದೂರ ಅದನ್ನೂ ಅರದಿಂದ ಉಜ್ಜಬೇಕು. ಉಳಿದ ಹೊಗೆಗೆ ಬಯಲೇ ಮದ್ದು: ಗಾಳಿ ಪಕ್ಕದಿಂದ ಬೀಸುವಂತೆ ಕುಳಿತು, ತಲೆಯನ್ನು ಹೊಗೆಯ ಮೇಲೆ ಬಾಗಿಸದಿರಬೇಕು. ಮುಖಕ್ಕೆ ಸುತ್ತಿದ ಟವೆಲ್ಲು ಈ ನುಣುಪು ಕಣಗಳನ್ನು ತಡೆಯದು. ಲೋಹದ ಹೊಗೆಗೆಂದೇ ಮಾಡಿದ ಫಿಲ್ಟರಿನ ಮಾಸ್ಕು ಬೇಕು. ಎರಡೂ ತುದಿ ಮುಚ್ಚಿದ ಪೈಪನ್ನು ಕಾಯಿಸಿದರೆ ಒಳಗಿನ ಗಾಳಿ ಹಿಗ್ಗಿ ಸಿಡಿಯಬಹುದು, ಮೊದಲೇ ರಂಧ್ರ ಕೊರೆಯಬೇಕು.

ಸತುವಿನ ಜ್ವರ ಸಾಮಾನ್ಯವಾಗಿ ಒಂದೆರಡು ದಿನಕ್ಕೆ ತಾನೇ ಇಳಿಯುತ್ತದೆ. ನನ್ನ ಸೋದರಳಿಯನಿಗೂ ಇಳಿಯಿತು. ಆದರೆ ಕೆಲವು ಹಳೆಯ ಬೋಲ್ಟುಗಳ ಮೇಲಿರುವುದು ಸತುವಲ್ಲ, ಕ್ಯಾಡ್ಮಿಯಂ. ಕಣ್ಣಿಗೆ ಎರಡೂ ಒಂದೇ. ಕ್ಯಾಡ್ಮಿಯಂ ಹೊಗೆಯ ಬಾಧೆಯೂ ಮೊದಲು ಇಂಥದೇ ಚಳಿಜ್ವರದಂತೆ ತೋರಿ, ಆಮೇಲೆ ಉಸಿರು ಕಟ್ಟಿ ಪ್ರಾಣಕ್ಕೇ ಬರುತ್ತದೆ. ಎದೆ ಬಿಗಿದರೆ, ಏದುಸಿರು ಬಂದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ವೆಲ್ಡಿಂಗ್ ಮಾಡಿದ್ದೆನೆಂದು ವೈದ್ಯರಿಗೆ ತಾನಾಗಿಯೇ ಹೇಳಬೇಕು. ಚಳಿಜ್ವರವೆಂದರೆ ಅವರು ಮಲೇರಿಯ ಹುಡುಕುವುದು ಸಹಜ.