ಮದ್ದು, ಮಾರಿ ಮತ್ತು ಆಟಿ ಕಳಂಜ

ಪ್ರಾಚೀನ ಗ್ರೀಕಿನ ‘ಫಾರ್ಮಕೋಸ್’ ಪದಕ್ಕೆ ಎರಡು ಅರ್ಥಗಳಿವೆ: ಮಾಟಗಾರ, ಮತ್ತು ಊರಿನ ಕೇಡನ್ನೆಲ್ಲ ಹೊತ್ತು ಹೊರಹೋಗಬೇಕಾದ ಮನುಷ್ಯ. ಅದರ ನೆಂಟ ಪದ ‘ಫಾರ್ಮಕಾನ್’ ಔಷಧವೂ ಹೌದು, ವಿಷವೂ ಹೌದು.

ಪುತ್ತೂರು, ಸುಳ್ಯ, ಕಡಬದ ಕಡೆಯವರಿಗೆ ಇದು ವಿಚಿತ್ರವೆನಿಸಲಾರದು. ನಮ್ಮ ‘ಮದ್ದು’ ಕೂಡ ಹಾಗೆಯೇ. ಜ್ವರಕ್ಕೆ ಕೊಡುವುದು ಮದ್ದು, ಇಲಿಗೆ ಇಡುವುದು ಮದ್ದು, ಮಳೆಗಾಲದಲ್ಲಿ ಅಡಿಕೆಗೆ ಬಿಡುವುದು ಮದ್ದು. ಯಾರೋ ಊಟದಲ್ಲಿ ಹಾಕಿ ವಶಮಾಡಿಕೊಂಡರೆಂದು ಪಿಸುಗುಟ್ಟುವುದೂ ಮದ್ದೇ. ಆಟಿ ಅಮಾವಾಸ್ಯೆಯಂದು ಬೆಳಗಾಗುವ ಮೊದಲೇ ಹಾಲೆಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು ಕಷಾಯ ಕುಡಿಯುತ್ತೇವೆ. ಕತ್ತಲಲ್ಲಿ ಮರ ತಪ್ಪಿ ಕಾಸರಕನ ತೊಗಟೆ ಬಂದರೆ ಅದೇ ಲೋಟದಲ್ಲಿ ಸಾವು.

ಅದೇ ಆಟಿಯಲ್ಲಿ ಕಳಂಜ ಬರುತ್ತಾನೆ. ಜಡಿಮಳೆ, ರೋಗ, ಬರಿದಾದ ಕಣಜದ ತಿಂಗಳು ಅದು. ನಲಿಕೆ ಸಮುದಾಯದವರು ಈ ವೇಷ ಕಟ್ಟುತ್ತಾರೆ. ತಾಳೆಗರಿಯ ಕೊಡೆ ಹಿಡಿದು, ತೆಂಬರೆಯ ಬಡಿತಕ್ಕೆ ಅಂಗಳದಲ್ಲಿ ಕುಣಿದು, ಮನೆಯವರು ಕೊಟ್ಟ ಅಕ್ಕಿ, ತೆಂಗಿನಕಾಯಿ, ಉಪ್ಪು, ಹುಳಿ ಪಡೆದು ಮುಂದೆ ಹೋಗುತ್ತಾನೆ. ಜೊತೆಗೆ ಊರಿನ ಮಾರಿಯೂ ಹೋಯಿತೆಂಬುದು ನಂಬಿಕೆ.

ಅಥೆನ್ಸಿನ ಥಾರ್ಗೇಲಿಯಾ ಹಬ್ಬದಲ್ಲಿ ಇಬ್ಬರಿಗೆ ಅಂಜೂರದ ಸರ ತೊಡಿಸಿ ಊರಿನಿಂದಾಚೆ ಅಟ್ಟುತ್ತಿದ್ದರು. ಒಬ್ಬ ಗಂಡಸರ ಪರವಾಗಿ, ಇನ್ನೊಬ್ಬ ಹೆಂಗಸರ ಪರವಾಗಿ. ಕ್ರಿ.ಪೂ. 6ನೇ ಶತಮಾನದ ಕವಿ ಹಿಪ್ಪೊನಾಕ್ಸ್ ಹೇಳುವ ಫಾರ್ಮಕೋಸ್‌ಗೆ ಮೊದಲು ಒಣ ಅಂಜೂರ, ಜವೆಯ ರೊಟ್ಟಿ, ಗಿಣ್ಣು. ಆಮೇಲೆ ಅಂಜೂರದ ಕೊಂಬೆಗಳ ಪೆಟ್ಟು.

ಕಳಂಜನಿಗೆ ಪೆಟ್ಟಿಲ್ಲ. ಅವನು ಮತ್ತೆ ಮುಂದಿನ ಆಟಿಗೆ ಬರುತ್ತಾನೆ. ವ್ಯತ್ಯಾಸ ದೊಡ್ಡದೇ. ಆದರೂ ಎರಡೂ ಕಡೆ ಮೊದಲು ಅನ್ನ, ನಂತರ ನಿರ್ಗಮನ. ರೋಗವನ್ನು ಒಯ್ಯಬಲ್ಲವನು ತರಲೂ ಬಲ್ಲ ಎಂಬ ಭಯವೇ ಮಾಟಗಾರನನ್ನೂ ಬಲಿಯಾದವನನ್ನೂ ಒಂದೇ ಪದದಲ್ಲಿ ಕೂಡಿಸಿರಬೇಕು ಎಂದು ನನಗನ್ನಿಸುತ್ತದೆ. ಬೇಕಾದವನು, ಆದರೆ ಅಂಗಳ ದಾಟಿ ಒಳಬರಬಾರದವನು.

ಇಂದು ಕಳಂಜ ಆಟಿ ಉತ್ಸವಗಳ ವೇದಿಕೆಗೂ ಹತ್ತಿದ್ದಾನೆ. ನಾವು ಅದನ್ನು ಜಾನಪದ ಕಲೆಯೆಂದು ಮೆಚ್ಚಿ ಫೋಟೊ ತೆಗೆಯುತ್ತೇವೆ. ಊರಿನ ಕೇಡನ್ನು ಹೊರುವ ಕೆಲಸ ತಲೆಮಾರುಗಳಿಂದ ಒಂದೇ ಪರಿಶಿಷ್ಟ ಜಾತಿಯ ಹೆಗಲಿಗೆ ಏಕೆ ಬಂತು ಎಂದು ಕೇಳುವುದಿಲ್ಲ. ಗ್ರೀಕ್ ಪದ ನನಗೆ ಕೊಟ್ಟದ್ದು ಈ ಪ್ರಶ್ನೆಯನ್ನು. ಊರು ಗುಣವಾಗುವುದು ಸರಿ. ಆ ಮದ್ದಿನ ಬೆಲೆ ತೆತ್ತವರು ಯಾರು?