ದೌಲತಾಬಾದ್: ನೆಲದ ಮೇಲೊಂದು ಲಾವಾ ದ್ವೀಪ

ಪುಣೆಯಲ್ಲಿ ಕೆಲಸ ಮಾಡೋ ನಾವು ವೀಕೆಂಡ್‌ಗೆ ಹೋಗಿ ಬರೋ ದೌಲತಾಬಾದ್ ಗುಡ್ಡ ಸುಮಾರು 6.6 ಕೋಟಿ ವರ್ಷ ಹಳೆಯ ಲಾವಾ. ನಮ್ಮ ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಲಾವಾ ಇನ್ನೂ ಹಳೆಯದು, ಸುಮಾರು 8.8 ಕೋಟಿ ವರ್ಷ. ಅಲ್ಲಿ ಸುತ್ತ ಸಮುದ್ರ, ಇಲ್ಲಿ ಬಂಡೆ ಕಡಿದ ಕಂದಕ.

ಇದೇ ಹಳೆಯ ದೇವಗಿರಿ, ಸೇವುಣರ ರಾಜಧಾನಿ. ಅವರ ಎಷ್ಟೋ ಶಾಸನಗಳು ಕನ್ನಡದಲ್ಲಿವೆ. 1296ರಲ್ಲಿ ಅಲಾವುದ್ದೀನ್ ಖಿಲ್ಜಿ ಮುತ್ತಿದಾಗ ರಾಜ ರಾಮಚಂದ್ರ ಈ ಗುಡ್ಡವನ್ನೇ ನಂಬಿ ಒಳಗೆ ಕೂತ. ಆದರೆ ಧಾನ್ಯ ಅಂತ ತಂದಿಟ್ಟ ಮೂಟೆಗಳಲ್ಲಿ ಇದ್ದದ್ದು ಉಪ್ಪು ಎಂದು ಇತಿಹಾಸಕಾರ ಫಿರಿಷ್ತಾ ಬರೆದಿದ್ದಾನೆ. ರಾಜ ಮಣಿಯಲೇಬೇಕಾಯ್ತು.

ಬಂಡೆ ಕೈಕೊಡಲಿಲ್ಲ, ಮೂಟೆ ಕೈಕೊಟ್ಟಿತು. ಬ್ಯಾಕಪ್ ಇದೆ ಅಂದುಕೊಂಡು, ಒಮ್ಮೆಯೂ ತೆರೆದು ನೋಡದೆ, ನಾನೂ ಒಂದು ರಾತ್ರಿ ಒದ್ದಾಡಿದ್ದೇನೆ.